ಮರಿ ಹಂಚಿದವರು ಕಾವು ಹಂಚಲಿಲ್ಲ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಗೂಡಿನಿಂದ ಜಾರಿಬಿದ್ದ ಹೆಜ್ಜಾರ್ಲೆ ಮರಿಗಳನ್ನು ಹೆಜ್ಜಾರ್ಲೆ ಬಳಗದ ಯುವಕರು ಬೇಲಿಯೊಳಗಿರಿಸಿ, ಮೀನು ತಿನ್ನಿಸಿ, ಹಾರುವ ಶಕ್ತಿ ಬಂದ ಮೇಲೆಯೇ ಹೊರಬಿಡುವ ಪರಿಪಾಠವನ್ನು ಬೆಳೆಸಿದರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಆ ಊರಿನಲ್ಲಿ ಮರಿಯ ಬಿಡುಗಡೆಯ ದಿನವನ್ನು ಗೊತ್ತುಮಾಡುವುದು ಮರಿಯ ರೆಕ್ಕೆ, ಗಣ್ಯರ ಪ್ರವಾಸಪಟ್ಟಿಯಲ್ಲ. ಕಾಡುಹಕ್ಕಿಗೆ ದೊರೆತ ಈ ತಾಳ್ಮೆ ಅದೇ ಸೀಮೆಯ ಹಿತ್ತಲ ಕೋಳಿಮರಿಗೆ ಏಕೆ ದೊರೆಯಬಾರದು?

2009–10ರಲ್ಲಿ ಆರಂಭವಾದ ಕೇಂದ್ರದ ಗ್ರಾಮೀಣ ಹಿತ್ತಲ ಕೋಳಿ ಯೋಜನೆಯಲ್ಲಿ ಮರಿಗಳನ್ನು ನಾಲ್ಕು ವಾರ ಸಾಕಣೆ ಘಟಕದಲ್ಲಿ ಬೆಳೆಸಿ, ಬಡ ಕುಟುಂಬವೊಂದಕ್ಕೆ ಒಟ್ಟು 45ರಂತೆ ಕಂತುಗಳಲ್ಲಿ ನೀಡುವುದೆಂದಿತ್ತು. 2021ರಲ್ಲಿ ಪರಿಷ್ಕೃತವಾದ ಜಾನುವಾರು ಮಿಷನ್ ಸಾವಿರ ಕೋಳಿಗಳ ಉದ್ಯಮಿಯತ್ತ ಮುಖ ತಿರುಗಿಸಿತು. ಯೋಜನೆಯ ಹೆಸರು ಬದಲಾದರೂ ವಾರ ಎಣಿಸಿ ಮರಿ ಕೊಡುವ ಬುದ್ಧಿ ಬದಲಾಗಿಲ್ಲ.

ಎಳೆಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದರೆ ನಾಲ್ಕನೆಯ ವಾರದಲ್ಲಿ 26 ಆಗುತ್ತದೆ. ಡಿಸೆಂಬರಿನಲ್ಲಿ ನಾಲೆಯ ಬದಿಯ ಮಂಡ್ಯದ ಹಳ್ಳಿಗಳ ರಾತ್ರಿ ಅದಕ್ಕಿಂತ ಸುಮಾರು ಹತ್ತು ಡಿಗ್ರಿ ತಣ್ಣಗಿರುತ್ತದೆ. ನೂಲುಪುಕ್ಕ ಉದುರಿ ಮೈತುಂಬ ಗರಿ ಬರಲು ಐದಾರು ವಾರಗಳಾದರೂ ಬೇಕು. ಈ ಲೆಕ್ಕ ಇಲಾಖೆಗೆ ತಿಳಿಯದ್ದೇನಲ್ಲ.

ನಾಟಿ ಕೋಳಿಗೆ ಈ ಲೆಕ್ಕದ ಹಂಗಿಲ್ಲ. ಅದು ಬಿಸಿಲಿರುವಾಗ ಮರಿಗಳನ್ನು ತಿಪ್ಪೆಗೆ ಕರೆದೊಯ್ಯುತ್ತದೆ, ಮೋಡ ಕವಿದರೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ, ಹದ್ದಿನ ನೆರಳು ಕಂಡರೆ ಕೂಗಿ ಎಚ್ಚರಿಸುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹೆಚ್ಚು ಮೊಟ್ಟೆಯಿಡುತ್ತದೆ, ಬೇಗ ತೂಕ ಬರುತ್ತದೆ. ಆದರೆ ಕಾವಿಗೆ ಕೂರುವ ಗುಣ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಳಿಯಿಂದ ತಾಯ್ತನವನ್ನು ಕಳೆದ ವ್ಯವಸ್ಥೆಯೇ ಆ ತಾಯ್ತನದ ಹೊಣೆಯನ್ನೂ ಹೊರಬೇಕಲ್ಲವೆ? ಅರ್ಧ ದಾರಿಯಲ್ಲಿ ಮರಿಯನ್ನು ಹೆಣ್ಣುಮಗಳ ಮಡಿಲಿಗೆ ಹಾಕಿ, ಸತ್ತರೆ ‘ಸಾಕಲು ಬರುವುದಿಲ್ಲ’ ಎನ್ನುವುದು ಅನ್ಯಾಯ.

ಒಳಗಿನ ಕಾವಿನಿಂದ ಹೊರಗಿನ ಗೂಡಿಗೆ ಮರಿ ದಾಟುವ ಕ್ರಮ ದುಬಾರಿಯದಲ್ಲ. ಕೊನೆಯ ವಾರ ಹಗಲಿನಲ್ಲಿ ಬಲ್ಬ್ ಆರಿಸಬೇಕು, ಅನಂತರ ರಾತ್ರಿಯೂ. ಮರಿಗಳು ಒಂದರ ಮೇಲೊಂದು ಬಿದ್ದು ಗುಂಪುಗೂಡಿದರೆ ಇನ್ನೂ ಚಳಿಯೆಂದು ಅರ್ಥ. ಉಷ್ಣಮಾಪಕಕ್ಕಿಂತ ಈ ಸಾಕ್ಷ್ಯ ನಂಬಲರ್ಹ. ಒಣನೆಲದಲ್ಲಿ ಬಿಸಿಲೇರಿದ ಮೇಲೆ ದಿನಕ್ಕೆ ಒಂದೆರಡು ಗಂಟೆ ಬಿಟ್ಟು ರೂಢಿ ಮಾಡಿಸಬೇಕು. ಹೊಸ ಗೂಡಿಗೆ ಬೆಳಿಗ್ಗೆಯೇ ಸೇರಿಸಿ, ಕೆಲವು ದಿನ ಅಲ್ಲಿಯೇ ಕೂಡಿಹಾಕಿ ಮೇವುನೀರು ಕೊಟ್ಟರೆ ಸಂಜೆ ತಾವಾಗಿಯೇ ಗೂಡು ಸೇರಲು ಕಲಿಯುತ್ತವೆ. ಹಾಸಿದ ಹೊಟ್ಟು ಒದ್ದೆಯಾದರೆ ರಕ್ತಭೇದಿ ತಪ್ಪದು. ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ ಹಾಕುವ ಲಸಿಕೆಯೊಂದೇ ಸಾಲದು, ಎಂಟನೆಯ ವಾರದ ಚುಚ್ಚುಮದ್ದೂ ಬೇಕು. ಅಷ್ಟರಲ್ಲಿ ಮರಿ ಹಳ್ಳಿಯಲ್ಲಿರುತ್ತದೆ, ಲಸಿಕೆ ತಾಲ್ಲೂಕು ಆಸ್ಪತ್ರೆಯಲ್ಲಿರುತ್ತದೆ.

ಮಳವಳ್ಳಿಯ ಮುತ್ತತ್ತಿ ಕಡೆ ಕಾವೇರಿ ವನ್ಯಧಾಮದ ಅಂಚಿನಲ್ಲಿ ಮತ್ತೊಂದು ತೊಡಕುಂಟು. ಸಡಿಲ ಬಾಗಿಲಿನ ಗೂಡು ಮುಂಗುಸಿಗೂ ಕಾಡುಬೆಕ್ಕಿಗೂ ಆಹ್ವಾನ. ಮರಿ ಸತ್ತ ಸಿಟ್ಟು ಮರುದಿನ ಉರುಳಾಗಿ, ವಿಷವಾಗಿ ಕಾಡಿನ ಜೀವಿಯ ಮೇಲೆ ತಿರುಗುತ್ತದೆ. ನೆಲದಿಂದ ಎತ್ತರಿಸಿದ, ಸಣ್ಣ ಕಣ್ಣಿನ ಜಾಲರಿಯ ಗೂಡು ಕೋಳಿಯನ್ನಷ್ಟೇ ಅಲ್ಲ, ಮುಂಗುಸಿಯನ್ನೂ ಉಳಿಸುತ್ತದೆ. ವನ್ಯಜೀವಿ ಸಂಘರ್ಷವೆಂದು ಸಭೆ ನಡೆಸುವವರು ಆನೆಯ ಆಚೆಗೂ ನೋಡಬೇಕು.

ಬಯಲುಸೀಮೆಯ ಈ ಮಾತು ಬೆಟ್ಟದ ಹಳ್ಳಿಗಳಿಗೇಕೆ ಎನ್ನುವವರು ಆಷಾಢದ ತಮ್ಮ ಹಿತ್ತಲನ್ನು ನೆನೆಯಲಿ. ಅದೇ ತಳಿಯ ಮರಿಗಳು ಘಟ್ಟವನ್ನೂ ಏರುತ್ತವೆ. ಮಂಡ್ಯದಲ್ಲಿ ಚಳಿಯೊಂದೇ ಕೊಂದರೆ, ಇಲ್ಲಿ ಬಿಡದ ಮಳೆಯೂ ದಿನಗಟ್ಟಲೆ ಇಲ್ಲದ ವಿದ್ಯುತ್ತೂ ಜೊತೆಗೂಡುತ್ತವೆ. ಆದ್ದರಿಂದ ಮರಿಗಳ ಪೆಟ್ಟಿಗೆ ಊರಿಗೆ ಬರುವ ಮುನ್ನವೇ ಗ್ರಾಮಸಭೆಯಲ್ಲಿ ಕೇಳಬೇಕು: ಈ ಮರಿಗಳು ಕಾವಿಲ್ಲದೆ ಎಷ್ಟು ರಾತ್ರಿ ಕಳೆದಿವೆ? ಮುಂದಿನ ಲಸಿಕೆಯನ್ನು ಯಾರು, ಯಾವ ದಿನ ಊರಿಗೆ ತಂದು ಹಾಕುತ್ತಾರೆ? ಫಲಾನುಭವಿಗಳ ಪಟ್ಟಿಯಲ್ಲಿ ಎಷ್ಟು ಮನೆಗಳ ಗೂಡು ಸಿದ್ಧವಾಗಿದೆ?