ಶಾಲೆಯ ಗೇಟಿನ ಈಚೆ

ಗ್ಯಾಸ್ ಸಿಲಿಂಡರ್ ಮನೆಗೆ ಹೊರಟರೆ ಮೊಬೈಲಿಗೆ ಮೆಸೇಜ್ ಬರುತ್ತೆ. ಎ.ಟಿ.ಎಂ.ನಿಂದ ನೂರು ರೂಪಾಯಿ ತೆಗೆದರೂ ಬರುತ್ತೆ. ಆದರೆ ಸರ್ಕಾರಿ ಶಾಲೆಗೆ ಮಗಳನ್ನ ಕಳಿಸೋ ಅಮ್ಮನಿಗೆ "ನಾಳೆ ಶಾಲೆ ಇಲ್ಲ" ಅನ್ನೋದು ಹೇಗೆ ಗೊತ್ತಾಗುತ್ತೆ? ಎಷ್ಟೋ ಸಲ ಉತ್ತರ ಇಷ್ಟೇ: ಮಗಳು ಹೋಗಿ, ಗೇಟಿಗೆ ಬೀಗ ನೋಡಿ, ವಾಪಸ್ ಬಂದಾಗ.

ಇದು ತಮಾಷೆ ಅಲ್ಲ. 2025ರ ದಸರಾ ರಜೆ ನೆನಪಿಸಿಕೊಳ್ಳಿ. ಅಕ್ಟೋಬರ್ 8ಕ್ಕೆ ಶಾಲೆ ಶುರುವಾಗಬೇಕಿತ್ತು. ಜಾತಿ ಸಮೀಕ್ಷೆ ಮುಗಿದಿರಲಿಲ್ಲ, ಸಮೀಕ್ಷೆ ಮಾಡೋರು ಮೇಷ್ಟ್ರುಗಳೇ. ಹಾಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನ 18ರ ತನಕ ಮುಂದುವರಿಸ್ತೀವಿ ಅಂತ ಮುಖ್ಯಮಂತ್ರಿಗಳು ಹೇಳಿದ್ದು 7ನೇ ತಾರೀಖು. ಅಂದರೆ ಹಿಂದಿನ ದಿನ. ಟಿವಿ ನೋಡಿದವರಿಗೆ ಗೊತ್ತಾಯ್ತು. ವಾಟ್ಸಾಪ್ ಇದ್ದವರಿಗೆ ಗೊತ್ತಾಯ್ತು. ಮಿಕ್ಕವರಿಗೆ? ಮಕ್ಕಳನ್ನ ಊರಲ್ಲಿ ಅಜ್ಜಿ ಮನೇಲಿ ಬಿಟ್ಟಿದ್ದವರು ಕೂಲಿ ಬಿಟ್ಟು ಕರೆದುಕೊಂಡು ಬಂದಮೇಲೆ ಈ ಸುದ್ದಿ ಸಿಕ್ಕಿದರೆ ಏನು ಮಾಡಬೇಕು? ರಜೆ ಸರೀನಾ ತಪ್ಪಾ ಅನ್ನೋದು ಬೇರೆ ಚರ್ಚೆ. ರಜೆಯ ಸುದ್ದಿ ಮನೆ ಬಾಗಿಲಿಗೆ ಮುಟ್ಟಿಸೋದು ಯಾರ ಕೆಲಸ ಅನ್ನೋದಷ್ಟೇ ನನ್ನ ಪ್ರಶ್ನೆ.

ಬನಶಂಕರಿಯಲ್ಲಿ ಸರ್ಕಾರಿ ಶಾಲೆ ಇದೆಯಾ ಅಂತ ಆಫೀಸಿನ ಗೆಳೆಯನೊಬ್ಬ ನಿಜವಾಗ್ಲೂ ಕೇಳಿದ್ದ. ಅವನ ಪ್ರಕಾರ ಇಲ್ಲಿರೋದು ದೇವಸ್ಥಾನ, ಬಿ.ಡಿ.ಎ. ಕಾಂಪ್ಲೆಕ್ಸು ಮತ್ತು ಟ್ರಾಫಿಕ್ಕು. ಆದರೆ ಸ್ಟೇಜು, ಬ್ಲಾಕುಗಳ ನಡುವೆ ಕದಿರೇನಹಳ್ಳಿ ಇದೆ, ಯಾರಬ್ ನಗರ ಇದೆ, ಕಾವೇರಿನಗರ ಇದೆ, ಇಟ್ಟಮಡು ಇದೆ. ನಮ್ಮ ಅಪಾರ್ಟ್‌ಮೆಂಟುಗಳನ್ನ ಕಟ್ಟೋಕೆ ಯಾದಗಿರಿ, ರಾಯಚೂರಿನ ಕಡೆಯಿಂದ ಬಂದವರ ತಗಡಿನ ಶೆಡ್ಡುಗಳಿವೆ. ಈ ಮನೆಗಳ ಮಕ್ಕಳು ಹೋಗೋದು ಸರ್ಕಾರಿ ಶಾಲೆಗೇ. ಮನೆಯಲ್ಲಿ ಉರ್ದು, ತಮಿಳು, ತೆಲುಗು, ಉತ್ತರ ಕರ್ನಾಟಕದ ಕನ್ನಡ ಎಲ್ಲಾ ಇದೆ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗ್ತಾರೆ.

ಇವರಿಗೆ ಶಾಲೆ ಏನು ಹೇಳುತ್ತೆ, ಹೇಗೆ ಹೇಳುತ್ತೆ ಅಂತ ನೋಡೋಕೆ ಮುಂಚೆ, ಶಾಲೆ ಮೇಲಿನವರಿಗೆ ಏನೇನು ಹೇಳುತ್ತೆ ಅಂತ ನೋಡಿ. ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರ್ ಇದೆ. ದಾಖಲಾತಿ, ಹಾಜರಾತಿ, ಅಂಕ, ವರ್ಗಾವಣೆ ಎಲ್ಲ ಅದರೊಳಗೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಕೋಡ್ ಇದೆ. ಎಷ್ಟು ಕೋಣೆ, ಎಷ್ಟು ಶೌಚಾಲಯ, ಎಷ್ಟು ಮೇಷ್ಟ್ರು, ಕುಡಿಯೋ ನೀರು ಇದೆಯಾ ಇಲ್ವಾ, ಎಲ್ಲಾ ದೆಹಲಿ ತನಕ ಹೋಗುತ್ತೆ. ಎಷ್ಟು ಮಕ್ಕಳು ಬಿಸಿಯೂಟ ಮಾಡಿದರು ಅನ್ನೋ ಲೆಕ್ಕವೂ ದಿನಾ ಮೇಲಕ್ಕೆ ಹೋಗಬೇಕು. ಸಿ.ಆರ್.ಪಿ. ಕೇಳ್ತಾರೆ, ಬಿ.ಇ.ಓ. ಕೇಳ್ತಾರೆ, ಡಿ.ಡಿ.ಪಿ.ಐ. ಕಚೇರಿ ಕೇಳುತ್ತೆ.

ಡೇಟಾಬೇಸ್ ಜೊತೆ ದಿನಾ ಹೆಣಗೋನಾಗಿ ಹೇಳ್ತೀನಿ, ಇದು ಸಣ್ಣ ಸಾಧನೆ ಅಲ್ಲ. ಆದರೆ ನಮ್ಮ ಭಾಷೇಲಿ ಹೇಳೋದಾದ್ರೆ ಇಲ್ಲಿರೋದು ಬರೀ ಅಪ್‌ಲೋಡ್, ಡೌನ್‌ಲೋಡ್ ಇಲ್ಲ. ದೆಹಲಿಗೆ ಮುಟ್ಟೋ ಮಾಹಿತಿ ಶಾಲೆಯ ಗೇಟು ದಾಟಿ ಐವತ್ತು ಅಡಿ ಈಚೆ ಇರೋ ಶೆಡ್ಡಿಗೆ ಮುಟ್ಟಲ್ಲ. ಯುಡೈಸ್ ವೆಬ್‌ಸೈಟಿನಲ್ಲಿ ಯಾವ ಶಾಲೆಯ ರಿಪೋರ್ಟ್ ಕಾರ್ಡನ್ನಾದರೂ ಯಾರು ಬೇಕಾದ್ರೂ ನೋಡಬಹುದು, ನಿಜ. ನಾನು ಲ್ಯಾಪ್‌ಟಾಪಲ್ಲಿ ಕೂತು ನೋಡಬಹುದು. ಆ ಶಾಲೆಗೆ ಮಗು ಕಳಿಸೋ ಅಮ್ಮ ನೋಡ್ತಾರಾ? ಇಂಥದ್ದೊಂದು ಇದೆ ಅಂತ ಅವರಿಗೆ ಹೇಳಿದೋರಾದ್ರೂ ಯಾರು?

ಕಾನೂನು ಇಲ್ಲ ಅಂತ ಹೇಳೋ ಹಾಗೂ ಇಲ್ಲ. ರಾಜಾ ರಾಮಣ್ಣ ಅವರ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ, ಅಂದ್ರೆ ಎಸ್.ಡಿ.ಎಂ.ಸಿ. ಮಾಡಿತು. ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಗೆ ಬಂದ ಹಣ ಹೇಗೆ ಖರ್ಚಾಯ್ತು ಅಂತ ನೋಡೋದು ಅವರ ಕೆಲಸ. 24ನೇ ಸೆಕ್ಷನ್ ಇನ್ನೂ ಸ್ಪಷ್ಟ: ಶಿಕ್ಷಕರು ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯೋ ಶಕ್ತಿ, ಕಲಿಕೆಯ ಪ್ರಗತಿ ಎಲ್ಲವನ್ನೂ ತಿಳಿಸಬೇಕು. ಇದು ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲೇ ಇದೆ.

2005ರ ಮಾಹಿತಿ ಹಕ್ಕು ಕಾಯ್ದೆ ಅಂದ್ರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕೋದು ಅಂತಷ್ಟೇ ನಮಗೆ ಗೊತ್ತು. ಅದರ 4ನೇ ಸೆಕ್ಷನ್ ಹೇಳೋದು ಬೇರೆ: ಯಾರೂ ಕೇಳೋಕೆ ಮುಂಚೆಯೇ ಸರ್ಕಾರಿ ಸಂಸ್ಥೆಗಳು ಮಾಹಿತಿಯನ್ನ ಪ್ರಕಟಿಸಬೇಕು, ಅದೂ ಸ್ಥಳೀಯ ಭಾಷೆಯಲ್ಲಿ, ಆ ಜಾಗಕ್ಕೆ ಹೊಂದೋ ಪರಿಣಾಮಕಾರಿ ವಿಧಾನದಲ್ಲಿ. ನೋಟೀಸ್ ಬೋರ್ಡು, ಸಾರ್ವಜನಿಕ ಪ್ರಕಟಣೆ, ಪತ್ರಿಕೆ ಅಂತ ಆ ಸೆಕ್ಷನ್ನೇ ಹೆಸರಿಸುತ್ತೆ. ಕಾನೂನು ಬರೆದವರಿಗೆ ವೆಬ್‌ಸೈಟ್ ಒಂದೇ ಸಾಲಲ್ಲ ಅಂತ ಆಗಲೇ ಗೊತ್ತಿತ್ತು!

ಇದೆಲ್ಲ ಕಾಗದದ ಮೇಲಾಯ್ತು. ಈಗ ನಮ್ಮ ಬೀದಿಗೆ ಬರೋಣ.

ನಮ್ಮ ಪಕ್ಕದ ಸೈಟಿನಲ್ಲಿ ಕಟ್ಟಡ ಏಳ್ತಿದೆ. ಅಲ್ಲಿನ ವಾಚ್‌ಮನ್ ಸಂಸಾರ ಯಾದಗಿರಿ ಕಡೆಯದು, ಮಗಳು ನಾಲ್ಕನೇ ಕ್ಲಾಸು. ಒಂದು ಸಂಜೆ ಆ ಹುಡುಗಿಯ ಅಮ್ಮ ಗಂಡನ ಮೊಬೈಲ್ ಹಿಡಿದುಕೊಂಡು ಬಂದರು. "ಅಣ್ಣಾ, ಸಾಲಿದು ಏನೋ ಬಂದದ, ಜರಾ ಓದಿ ಹೇಳ್ರಿ." ಶಾಲೆಯ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ಸುತ್ತೋಲೆಯ ಫೋಟೋ ಅದು. "ವಿಷಯ", "ಉಲ್ಲೇಖ", "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ"... ಕನ್ನಡ ಮೀಡಿಯಮ್ಮಲ್ಲಿ ಓದಿದ ನಾನೇ ಎರಡು ಸಲ ಓದಬೇಕಾಯ್ತು. ಸಾರಾಂಶ ಇಷ್ಟು: ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡಬೇಕು. ಕೊನೇ ದಿನಾಂಕ ನಾಲ್ಕು ದಿನದ ಹಿಂದೆಯೇ ಮುಗಿದಿತ್ತು. ಮೆಸೇಜ್ ಬಂದಾಗಿನಿಂದ ಗಂಡನ ಫೋನಲ್ಲೇ ಇತ್ತು, ಅವರಿಗೂ ಓದೋಕೆ ಬರಲ್ಲ.

ಅದರ ಕೆಳಗೇ ಇನ್ನೊಂದು ಮೆಸೇಜು: ಗುರುವಾರ ಬೆಳಿಗ್ಗೆ 11 ಗಂಟೆಗೆ ಪೋಷಕರ ಸಭೆ. ಹೋಗ್ತೀರಾ ಅಕ್ಕ ಅಂತ ಕೇಳಿದೆ. "ಹೋದ್ರ ಒಂದ್ ದಿನದ ಪಗಾರ ಹೋಗ್ತದ. ಹ್ವಾದಸಲ ಹೋಗಿದ್ದೆ. ಸಹಿ ಮಾಡಂದ್ರು, ಹೆಬ್ಬಟ್ಟು ಒತ್ತಿ ಬಂದೆ. ಏನ್ ಮಾತಾಡಿದ್ರೋ ತಿಳೀಲಿಲ್ಲ" ಅಂದರು.

ಆ ಶಾಲೆ ಯಾವುದು ಅನ್ನೋದು ಮುಖ್ಯ ಅಲ್ಲ. ದಾಖಲೆ ಪ್ರಕಾರ ಅಲ್ಲಿ ಎಲ್ಲವೂ ಸರಿ ಇದೆ. ಸುತ್ತೋಲೆ ಕಳಿಸಿದ್ದಾರೆ, ಸಭೆ ಕರೆದಿದ್ದಾರೆ, ಹಾಜರಾತಿಯಲ್ಲಿ ಹೆಬ್ಬೆಟ್ಟಿನ ಗುರುತೂ ಇದೆ. ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನ ಮಾತ್ರ ಇಲ್ಲ. "ಕಳಿಸಿದ್ದೀವಿ" ಮತ್ತು "ಮುಟ್ಟಿದೆ" ಇವೆರಡರ ನಡುವಿನ ವ್ಯತ್ಯಾಸ ಇದೇ. ನಮ್ಮ ಕೆಲಸದಲ್ಲಿ ಇದನ್ನ ಒಂದೇ ಅಂದುಕೊಂಡರೆ ಮ್ಯಾನೇಜರ್ ಸುಮ್ನಿರಲ್ಲ :)

ಸರ್ಕಾರದಿಂದ ಮುಟ್ಟಿಸೋಕೆ ಆಗಲ್ಲ ಅಂತ ಮಾತ್ರ ಹೇಳಬೇಡಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ರೇಷನ್ ಕಾರ್ಡಿನ ಮೊಬೈಲಿಗೆ ಮೆಸೇಜ್ ಕಳಿಸೋ ವ್ಯವಸ್ಥೆ ಮಾಡಿದ್ದರು. ಓದೋಕೆ ಬರದ ಹೆಂಗಸರಿಗೂ ಆ ಯೋಜನೆ ಏನು, ಎಷ್ಟು ದುಡ್ಡು, ಏನೇನು ದಾಖಲೆ ಬೇಕು ಅಂತ ಬಾಯಿಪಾಠ ಆಗಿತ್ತು. ಮನಸ್ಸಿದ್ದರೆ ಸುದ್ದಿ ಮುಟ್ಟುತ್ತೆ. ಶಾಲೆ ಶುರುವಾಗೋ ಹೊತ್ತಿಗೆ ದಾಖಲಾತಿ ಆಂದೋಲನ ಅಂತ ತಮಟೆ ಹೊಡೆದು ಜಾಥಾ ಮಾಡ್ತಾರಲ್ಲ, ಅದೂ ಮುಟ್ಟುತ್ತೆ. ಮಗು ಸೇರೋ ತನಕ ತಮಟೆ, ಸೇರಿದ ಮೇಲೆ ಸುತ್ತೋಲೆ!

ಬೇರೆ ಕಡೆ ಹೇಗಿದೆ? ದೆಹಲಿಯಲ್ಲಿ 2016ರ ಜುಲೈ 30ರಂದು ಎಲ್ಲಾ ಸರ್ಕಾರಿ ಶಾಲೆಗಳಲ್ಲೂ ಒಂದೇ ದಿನ ಪೋಷಕರ ಸಭೆ ಮಾಡಿದರು, ಶನಿವಾರ. ಪೇಪರು, ರೇಡಿಯೋದಲ್ಲಿ ಜಾಹೀರಾತು ಕೊಟ್ಟು ಕರೆದರು. ನಮ್ಮ ನೆಂಟರಿಷ್ಟರೆಲ್ಲ ಇರೋ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಬಂದ ಬ್ರೌನ್ ಕಾಯ್ದೆ ಇದೆ. ಶಾಲಾ ಮಂಡಳಿಯ ಮಾಮೂಲಿ ಸಭೆಗೆ 72 ಗಂಟೆ ಮುಂಚೆ, ಏನೇನು ಚರ್ಚೆ ಮಾಡ್ತೀವಿ ಅನ್ನೋ ಪಟ್ಟಿಯನ್ನ ಜನಕ್ಕೆ ಕಾಣೋ ಹಾಗೆ ಹಾಕಬೇಕು. ಅಲ್ಲಿನ ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು: ಶಾಲೆಯ ಶೇಕಡಾ 15ರಷ್ಟು ಮಕ್ಕಳ ಮನೆಮಾತು ಇಂಗ್ಲಿಷ್ ಅಲ್ಲದ ಯಾವುದೋ ಒಂದು ಭಾಷೆ ಆಗಿದ್ದರೆ, ಪೋಷಕರಿಗೆ ಕಳಿಸೋ ನೋಟೀಸು ಆ ಭಾಷೆಯಲ್ಲೂ ಇರಬೇಕು. ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಹೇಳ್ತಿಲ್ಲ. ಪೋಷಕರಿಗೆ ಅರ್ಥ ಆಗಬೇಕು ಅನ್ನೋದನ್ನ ಒಂದು ನಿಯಮವಾಗಿ ಬರೆಯೋಕೆ ಸಾಧ್ಯ ಅಂತ ಹೇಳ್ತಿದ್ದೀನಿ.

ಇನ್ನು ದೂರು ಹೇಳೋಣ ಅಂದ್ರೆ ಎಲ್ಲಿಗೆ ಹೋಗೋದು? ಬನಶಂಕರಿಯ ಶಾಲೆಗಳು ಬರೋದು ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಬನಶಂಕರಿ ಆ ಜಿಲ್ಲೆ ಅಲ್ಲ, ಕಂದಾಯದ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ. ಶಿಕ್ಷಣ ಇಲಾಖೆಯಲ್ಲಿ ದಕ್ಷಿಣ ವಲಯಗಳೇ ನಾಲ್ಕಿವೆ. ಪಾಲಿಕೆಯ ಶಾಲೆ ಆದ್ರೆ ಆ ಲೆಕ್ಕವೇ ಬೇರೆ, ಮತ್ತೆ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಾರ್ಪೊರೇಟರೇ ಇರಲಿಲ್ಲ. ಹಳ್ಳಿಯಲ್ಲಾದ್ರೆ ಗ್ರಾಮಸಭೆ ಇದೆ, ಮಕ್ಕಳ ಗ್ರಾಮಸಭೆ ಇದೆ, ಪಂಚಾಯ್ತಿ ಮೆಂಬರು ದಾರೀಲಿ ಸಿಗ್ತಾರೆ. ಬೆಂಗಳೂರಿನ ಶೆಡ್ಡಿನಲ್ಲಿರೋ ಅಮ್ಮನಿಗೆ ಇದ್ಯಾವುದೂ ಇಲ್ಲ. ಯಾವ ಕಚೇರಿ ಅಂತ ಕಂಡುಹಿಡಿಯೋಕೆ ನನಗೇ ಅರ್ಧ ದಿನ ಹಿಡಿಯಿತು.

ಮೇಷ್ಟ್ರುಗಳನ್ನ ಬೈಯೋದು ಸುಲಭ. ಆದರೆ ಚುನಾವಣೆ, ಸಮೀಕ್ಷೆ, ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲಾ ಅವರ ತಲೆ ಮೇಲೇ ಇದೆ. ಇದರ ಮೇಲೆ ಇನ್ನೊಂದು ಆ್ಯಪ್ ಹೇರಿದರೆ ಅದಕ್ಕೂ ಎಂಟ್ರಿ ಮಾಡ್ತಾ ಕೂರ್ತಾರೆ ಅಷ್ಟೇ. ಆ್ಯಪ್ ಮಾಡೋದೇ ನನ್ನ ಹೊಟ್ಟೆಪಾಡು, ಆದರೂ ಹೇಳ್ತೀನಿ: ಇದಕ್ಕೆ ಆ್ಯಪ್ ಬೇಡ. ನನಗೆ ಅನ್ನಿಸಿದ್ದು ನಾಲ್ಕೇ ನಾಲ್ಕು.

ಒಂದು, ಗೇಟಿನ ಹೊರಗಡೆ ಒಂದು ಕರಿಹಲಗೆ. ಹೆಡ್‌ಮಾಸ್ಟರ್ ರೂಮಿನ ಒಳಗಲ್ಲ, ಹೊರಗಡೆ, ರಸ್ತೆಗೆ ಮುಖ ಮಾಡಿ. ನಾಳೆ ಶಾಲೆ ಇದೆಯಾ, ಇವತ್ತಿನ ಊಟ ಏನು, ಮುಂದಿನ ಸಭೆ ಯಾವಾಗ, ಈ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯ್ತು. ಸಾಮಾನ್ಯರ ಕನ್ನಡದಲ್ಲಿ.

ಎರಡು, ಓದೋಕೆ ಬರದವರಿಗೆ ಧ್ವನಿ ಕರೆ. ದಾಖಲಾತಿ ಹೊತ್ತಲ್ಲೇ ಪೋಷಕರ ನಂಬರ್ ಬರೆಸಿಕೊಳ್ತಾರೆ. ಓಟು ಕೇಳೋಕೆ ರೆಕಾರ್ಡ್ ಮಾಡಿದ ಧ್ವನಿಯಲ್ಲಿ ಫೋನ್ ಬರುತ್ತಲ್ಲ, ಅದೇ ತಂತ್ರ. "ನಾಳೆ ಶಾಲೆಗೆ ರಜೆ" ಅಂತ ಹತ್ತು ಸೆಕೆಂಡು. ಕನ್ನಡ, ಉರ್ದು, ತಮಿಳು, ತೆಲುಗಿನಲ್ಲಿ. ಇದನ್ನ ಜಿಲ್ಲಾ ಕಚೇರಿಯೇ ಒಂದೇ ಕಡೆಯಿಂದ ಮಾಡಬೇಕು, ಮೇಷ್ಟ್ರ ತಲೆಗೆ ಕಟ್ಟಬಾರದು.

ಮೂರು, ಸಭೆ ಭಾನುವಾರ ಅಥವಾ ಸಂಜೆ ಏಳರ ಮೇಲೆ. ಅದಕ್ಕೆ ಮೇಷ್ಟ್ರಿಗೆ ಇನ್ನೊಂದು ದಿನ ರಜೆ ಕೊಡಿ. ಪೋಷಕರ ಕೂಲಿ ಕತ್ತರಿಸಿ ಕರೆಯೋ ಸಭೆಗೆ ಜನ ಬರಲಿಲ್ಲ ಅಂತ "ಪೋಷಕರಿಗೆ ಆಸಕ್ತಿ ಇಲ್ಲ" ಅನ್ನೋದು ಅನ್ಯಾಯ.

ನಾಲ್ಕು, ಆಗಸ್ಟ್ 15ರಂದು ಹೇಗೂ ಎಲ್ಲರೂ ಬರ್ತಾರೆ. ಭಾಷಣದ ನಡುವೆ ಐದೇ ನಿಮಿಷ, ದೆಹಲಿಗೆ ಕಳಿಸಿದ ಅದೇ ರಿಪೋರ್ಟ್ ಕಾರ್ಡನ್ನ ಮೈಕಿನಲ್ಲಿ ಓದಿ ಹೇಳಿ. ಇಷ್ಟು ಮಕ್ಕಳು, ಇಷ್ಟು ಮೇಷ್ಟ್ರು, ಇಷ್ಟು ಶೌಚಾಲಯ. ಸುಳ್ಳಿದ್ದರೆ ಅಲ್ಲೇ ಯಾರೋ ಒಬ್ಬ ಹುಡುಗ ನಗ್ತಾನೆ. ಅದಕ್ಕಿಂತ ಒಳ್ಳೇ ಆಡಿಟ್ ಬೇಕಾ?

ಕೊನೇದಾಗಿ ನಮ್ಮಂಥವರ ವಿಷಯ. ಶನಿವಾರ ಬಂದ್ರೆ ಟೀ ಶರ್ಟ್ ಹಾಕ್ಕೊಂಡು ಸರ್ಕಾರಿ ಶಾಲೆ ಗೋಡೆಗೆ ಬಣ್ಣ ಬಳಿಯೋ ಕಂಪನಿಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಒಳ್ಳೇದೇ. ಆದರೆ ಆ ಗೋಡೆ ಒಳಗೆ ಗಣಿತದ ಮೇಷ್ಟ್ರು ಇದ್ದಾರಾ ಅಂತ ಕೇಳೋರು ಕಡಿಮೆ, ಯಾಕಂದ್ರೆ ಅದು ಗೋಡೆ ಮೇಲೆ ಬರೆದಿಲ್ಲ. ಬಣ್ಣ ಬಳಿಯೋಕೆ ಹೋದಾಗ ನವಿಲು, ಚೋಟಾ ಭೀಮ್ ಜೊತೆಗೆ ಆ ಕರಿಹಲಗೆಯನ್ನೂ ಒಂದು ಮಾಡಿಸಿಕೊಟ್ಟು ಬನ್ನಿ. ಪೋಷಕರಿಗೆ ಗೊತ್ತಾದರೆ ಪೋಷಕರು ಕೇಳ್ತಾರೆ. ಅವರು ಕೇಳೋಕೆ ಶುರುಮಾಡಿದರೆ ಶಾಲೆ ತಾನಾಗೇ ಸರಿಹೋಗುತ್ತೆ ಅನ್ನೋ ಭ್ರಮೆ ನನಗಿಲ್ಲ. ಆದರೆ ಕೇಳೋಕೂ ಗೊತ್ತಿರಬೇಕಲ್ವಾ?

ನಿಮ್ಮ ಏರಿಯಾದ ಸರ್ಕಾರಿ ಶಾಲೆಯ ಗೇಟಿನ ಮೇಲೆ ಏನು ಬರೆದಿದೆ, ಒಂದ್ಸಲ ನಿಂತು ನೋಡಿ. ನನ್ನ ದಾರಿಯಲ್ಲಿರೋ ಗೇಟಿನ ಮೇಲೆ ಇರೋದು ಎರಡೇ ಸಾಲು: ಶಾಲೆಯ ಹೆಸರು, ಮತ್ತು "ಇಲ್ಲಿ ವಾಹನ ನಿಲ್ಲಿಸಬೇಡಿ".