‘ವಯಸ್ಸಾದ ಮ್ಯಾಲ ಬಿಪಿ ಇದ್ದದ್ದ’ ಎನ್ನುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾವ ಊರ ಕಟ್ಟೆಯ ಮೇಲೆ ಹಿರಿಯರ ಜೊತೆ ಕೂತರೂ ಬಿಪಿಯ ಮಾತು ಬಂದೇ ಬರುತ್ತದೆ. ಒಬ್ಬರು ಅಂಗಿಯ ಜೇಬಿನಿಂದ ಗುಳಿಗೆ ತೆಗೆದು ತೋರಿಸುತ್ತಾರೆ. ಇನ್ನೊಬ್ಬರು ‘ನನಗೂ ಐತಂತ ಹೇಳ್ಯಾರ, ಆದ್ರ ಏನೂ ತ್ರಾಸಿಲ್ಲ’ ಎನ್ನುತ್ತಾರೆ. ಕೊನೆಗೆ ಎಲ್ಲರೂ ಒಪ್ಪುವ ಮಾತು ಒಂದೇ: ವಯಸ್ಸಾದ ಮ್ಯಾಲ ಬಿಪಿ ಇದ್ದದ್ದ. ಈ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ತಪ್ಪು ಎಂಬುದನ್ನು ನಿಧಾನವಾಗಿ ನೋಡೋಣ.

ಅದು ತೀರಾ ಸಾಮಾನ್ಯ ಎಂಬುದಂತೂ ನಿಜ. ಕೇಂದ್ರ ಆರೋಗ್ಯ ಸಚಿವಾಲಯದ ಆಶ್ರಯದಲ್ಲಿ 2017–18ರಲ್ಲಿ ‘ಲಾಸಿ’ ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಅದರ ಲೆಕ್ಕದಂತೆ ದೇಶದಲ್ಲಿ 45 ವರ್ಷ ದಾಟಿದವರ ಪೈಕಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತದ ಏರೊತ್ತಡವಿದೆ. ವಯಸ್ಸು ಏರಿದಂತೆ ಈ ಪ್ರಮಾಣವೂ ಏರುತ್ತದೆ. ಏರೊತ್ತಡವಿದ್ದ ನೂರು ಜನರಲ್ಲಿ ಅದು ತಮಗಿದೆ ಎಂದು ಗೊತ್ತಿದ್ದವರು ಸುಮಾರು 56, ಗುಳಿಗೆ ನುಂಗುತ್ತಿದ್ದವರು 39, ಒತ್ತಡ ಹತೋಟಿಯಲ್ಲಿದ್ದವರು 32. ಕಟ್ಟೆಯ ಮೇಲೆ ಬಿಪಿ ಇರುವ ಹತ್ತು ಜನ ಕೂತಿದ್ದಾರೆ ಎಂದುಕೊಂಡರೆ ನಾಲ್ವರಿಗೆ ಅದರ ಸುಳಿವೇ ಇಲ್ಲ ಎಂದಾಯಿತು.

ವಯಸ್ಸಿಗೂ ಒತ್ತಡಕ್ಕೂ ಏನು ಸಂಬಂಧ? ಲಿಂಬೆ ತೋಟಕ್ಕೆ ನೀರು ಹಾಯಿಸುವ ಇಂಡಿಯ ರೈತರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊಸ ರಬ್ಬರ್ ಪೈಪು ಮೋಟರ್ ನೀರು ತಳ್ಳಿದಾಗ ಸ್ವಲ್ಪ ಉಬ್ಬಿ, ಆ ರಭಸವನ್ನು ತಾನೇ ತಾಳಿಕೊಳ್ಳುತ್ತದೆ. ಹತ್ತು ಬೇಸಿಗೆ ಬಿಸಿಲುಂಡ ಪೈಪು ಸೆಟೆದು ನಿಂತಿರುತ್ತದೆ, ಉಬ್ಬುವುದಿಲ್ಲ. ನೀರಿನ ಪೆಟ್ಟೆಲ್ಲ ನೇರವಾಗಿ ಅದರ ಗೋಡೆಗೆ ಬೀಳುತ್ತದೆ. ನಮ್ಮ ರಕ್ತನಾಳಗಳೂ ಹೀಗೆಯೇ ವರ್ಷಗಳು ಕಳೆದಂತೆ ಬಿಗಿಯುತ್ತವೆ. ಹೃದಯ ಹಿಂಡಿದಾಗ ಇರುವ ಒತ್ತಡ ಮೇಲಿನ ಅಂಕಿ, ಎರಡು ಬಡಿತಗಳ ನಡುವೆ ಹೃದಯ ಸಡಿಲಾದಾಗಿನದು ಕೆಳಗಿನ ಅಂಕಿ. ನಾಳ ಬಿಗಿದಾಗ ಮೇಲಿನದು ಏರುತ್ತದೆ, ಕೆಳಗಿನದು ಅಲ್ಲೇ ಉಳಿಯುತ್ತದೆ ಅಥವಾ ಇಳಿಯುತ್ತದೆ. 165/80 ಎಂಬಂಥ ಅಂಕಿಗಳು ಹಿರಿಯರಲ್ಲೇ ಹೆಚ್ಚು ಕಾಣುವುದು ಇದರಿಂದ. ‘ಕೆಳಗಿಂದು ಸರಿ ಐತಿ’ ಎಂದು ಸಮಾಧಾನ ಪಡುವಂತಿಲ್ಲ. ಯಾವುದಾದರೂ ಒಂದು ಅಂಕಿ 140/90ರ ಗಡಿಯನ್ನು ಮತ್ತೆ ಮತ್ತೆ ಮುಟ್ಟಿದರೂ ಅದು ಏರೊತ್ತಡವೇ.

ಹಿಂದೊಮ್ಮೆ ವೈದ್ಯರೂ ಇದನ್ನು ಸಹಜವೆಂದು ಬಿಡುತ್ತಿದ್ದರು. ವಯಸ್ಸಿಗೆ ನೂರು ಸೇರಿಸಿದರೆ ಬರುವ ಅಂಕಿಯೇ ಸರಿಯಾದ ಒತ್ತಡ ಎಂಬ ಲೆಕ್ಕವೊಂದು ಚಾಲ್ತಿಯಲ್ಲಿತ್ತು. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆ ಲೆಕ್ಕವನ್ನು ಅಲುಗಿಸಿತು. ಮೇಲಿನ ಅಂಕಿ ಮಾತ್ರ ಏರಿದ್ದ, ಅರವತ್ತು ದಾಟಿದವರಿಗೆ ಔಷಧ ಕೊಟ್ಟಾಗ ಪಾರ್ಶ್ವವಾಯು, ಅಂದರೆ ನಮ್ಮ ಕಡೆ ‘ಲಕ್ವಾ ಹೊಡೀತು’ ಎನ್ನುವುದು, ಮೂರರಲ್ಲಿ ಒಂದರಷ್ಟು ಕಡಿಮೆಯಾಯಿತು. 2008ರ ಇನ್ನೊಂದು ಅಧ್ಯಯನ ಎಂಬತ್ತು ದಾಟಿದವರಿಗೂ ಚಿಕಿತ್ಸೆ ಫಲ ಕೊಡುತ್ತದೆಂದು ತೋರಿಸಿತು. ಒತ್ತಡ ಏರುವುದಕ್ಕೆ ವಯಸ್ಸೊಂದೇ ಕಾರಣವೂ ಅಲ್ಲ. ಬ್ರೆಜಿಲ್‌ನ ಕಾಡಿನಲ್ಲಿರುವ ಯಾನೊಮಾಮಿ ಜನ ಉಪ್ಪನ್ನು ಹೆಚ್ಚುಕಡಿಮೆ ತಿನ್ನುವುದೇ ಇಲ್ಲ. ಅವರಲ್ಲಿ ವಯಸ್ಸಾದರೂ ಒತ್ತಡ ಏರುವುದಿಲ್ಲ. ವಯಸ್ಸಿನ ಜೊತೆ ನಮ್ಮ ಬದುಕಿನ ರೀತಿಯೂ ಇದರಲ್ಲಿ ಕೈಯಾಡಿಸಿದೆ.

ಉಪ್ಪಿನ ಮಾತು ಬಂದಾಗ ನಮ್ಮ ತಾಟನ್ನೇ ನೋಡಬೇಕು. ಜೋಳದ ರೊಟ್ಟಿಯ ಹಿಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಆ ಮಟ್ಟಿಗೆ ನಮ್ಮ ಮುಖ್ಯ ಆಹಾರ ಒಳ್ಳೆಯದೇ. ಉಪ್ಪು ಬರುವುದು ಅದರ ಅಂಚಿಗೆ ಬಡಿಸುವ ರಂಜಕ, ಶೇಂಗಾ ಹಿಂಡಿ, ಲಿಂಬೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಂದ. ಹಲ್ಲುದುರಿದ ಅಜ್ಜಿ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸುತ್ತಾಳೆ, ಸಪ್ಪೆಯೆನಿಸಿ ಮೇಲೆ ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಾಳೆ. ವಯಸ್ಸಾದಂತೆ ನಾಲಿಗೆಯ ರುಚಿ ಮಂದವಾಗುವುದರಿಂದ ಅದು ಅವಳ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಎಲ್ಲ ಅಡುಗೆಯದೂ ಸೇರಿ ಒಂದು ಚಹಾ ಚಮಚ ಮೀರಬಾರದು. ಸಾರಿಗೆ ಅರ್ಧ ಲಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಕಾರಣ ನೋವಿನ ಗುಳಿಗೆ. ಹೊಲದಲ್ಲಿ ಬಾಗಿ ದುಡಿದ ಮೊಣಕಾಲಿಗೆ ಮೆಡಿಕಲ್ ಅಂಗಡಿಯಿಂದ ತಂದು ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಮೈಯಲ್ಲಿ ಉಪ್ಪು–ನೀರನ್ನು ಹಿಡಿದಿಟ್ಟು ಒತ್ತಡ ಏರಿಸುತ್ತವೆ, ಕೆಲವು ಬಿಪಿ ಗುಳಿಗೆಗಳ ಬಲವನ್ನೂ ಕುಗ್ಗಿಸುತ್ತವೆ. ವೈದ್ಯರ ಮುಂದೆ ಇವುಗಳ ಹೆಸರನ್ನೂ ಹೇಳಬೇಕು.

ಏರೊತ್ತಡದ ದೊಡ್ಡ ತೊಡಕೆಂದರೆ ಅದು ನೋಯಿಸುವುದಿಲ್ಲ. ನೋಯದ ರೋಗಕ್ಕೆ ದಿನಾ ಗುಳಿಗೆ ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ‘ನಾರ್ಮಲ್ ಆಗೇತಂದ್ರು, ಬಿಟ್ಟೆ’ ಎನ್ನುವವರು ಎಷ್ಟೋ ಜನ. ನಾರ್ಮಲ್ ಆದದ್ದು ಗುಳಿಗೆಯಿಂದ; ಬಿಟ್ಟರೆ ಒತ್ತಡ ಮತ್ತೆ ಮೇಲೇರುತ್ತದೆ. ಹಾಗೆಂದು ಹಿರಿಯರಲ್ಲಿ ಒಮ್ಮೆಲೇ ಇಳಿಸುವುದೂ ತರವಲ್ಲ. ಎದ್ದು ನಿಂತಾಗ ಒತ್ತಡ ಕುಸಿದು, ಕಣ್ಣು ಕತ್ತಲೆಗಟ್ಟಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಅದಕ್ಕಾಗಿ ಅವರನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಮೂವತ್ತು ದಾಟಿದವರನ್ನು ಆಶಾ ಕಾರ್ಯಕರ್ತೆಯರು ಪಟ್ಟಿ ಮಾಡಿ ತಪಾಸಣೆಗೆ ಕಳಿಸುವ ಏರ್ಪಾಡೂ ಇದೆ. ಆದರೆ ಮಕ್ಕಳು ಪುಣೆಗೋ ಗೋವೆಗೋ ದುಡಿಯಲು ಹೋದ ಮನೆಯ ಮುದುಕಿಗೆ ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುವುದು ದೊಡ್ಡ ಕೆಲಸವೇ. ಒತ್ತಡ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಗುಳಿಗೆಯನ್ನು ಅವರ ಊರಿಗೆ ಹತ್ತಿರದ ಉಪಕೇಂದ್ರದಲ್ಲೇ ಕೊಡುವುದು ಒಳ್ಳೆಯದು ಎಂದು ನನಗನಿಸುತ್ತದೆ. ಅಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿಯೊಂದು ಬೇಕು. ಬಿಸಿಲಲ್ಲಿ ನಡೆದು, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬಂದವರ ತೋಳಿಗೆ ಕೂಡಲೇ ಪಟ್ಟಿ ಕಟ್ಟಿದರೆ ಬರುವ ಅಂಕಿ ಸುಳ್ಳಾಗಬಹುದು. ಬಾಯಿ ಮುಕ್ಕಳಿಸಿ ಅರ್ಧ ತಾಸು ಕಳೆಯಲಿ. ಆಮೇಲೆ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಎರಡು ಸಲ ಅಳೆದು, ಅಂಕಿಯನ್ನು ಅವರ ಕೈಯಲ್ಲಿರುವ ಚೀಟಿಯ ಮೇಲೆ ಬರೆದು ಕೊಡಲಿ.