ಬುಲೆಟ್, ಕ್ಲಾಸಿಕ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ‘ಫುಲ್ ಟೈಟ್’ ಮಾಡಿದರೆ ಬೆನ್ನುನೋವು ಬರುವುದಿಲ್ಲವೇ?

ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳನ್ನು ಕೊನೆಯ ಹಂತಕ್ಕೆ ತಿರುಗಿಸಿಡಿ, ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಗುಂಡಿಗೆ ಬಿದ್ದರೂ ಸೊಂಟಕ್ಕೆ ಏನೂ ಆಗುವುದಿಲ್ಲ. ಹೀಗೊಂದು ಸಲಹೆ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ನಾನೂ ಇದನ್ನು ನಂಬಿ ಅಪ್ಪನ ಕ್ಲಾಸಿಕ್ 350ಕ್ಕೆ ಗ್ಯಾರೇಜಿನಲ್ಲಿ ಹಾಗೆಯೇ ಮಾಡಿಸಿದ್ದೆ. ಮರುದಿನ ಮಳೆಯಲ್ಲಿ ಒಂಟಿಯಾಗಿ ಹೋಗುವಾಗ ತಿರುವಿನ ಗುಂಡಿಯೊಂದರಲ್ಲಿ ಹಿಂದಿನ ಚಕ್ರ ಎಗರಿ ಪಕ್ಕಕ್ಕೆ ಜಾರಿತು. ಬೀಳಲಿಲ್ಲ, ಅಷ್ಟೇ.

ಇಲ್ಲಿ ಎರಡು ಕೆಲಸಗಳು ಸೇರಿ ಗೊಂದಲವಾಗಿದೆ. ಭಾರ ಹೊರುವುದು ಸ್ಪ್ರಿಂಗ್. ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಪುಟಿಯದಂತೆ ತಡೆಯುವುದು ಒಳಗಿನ ಆಯಿಲ್. ಸಣ್ಣ ರಂಧ್ರಗಳಲ್ಲಿ ಆಯಿಲ್ ನುಗ್ಗುವಾಗ ಹುಟ್ಟುವ ತಡೆಯೇ ಆ ಪುಟಿತವನ್ನು ನಿಲ್ಲಿಸುತ್ತದೆ. ‘ಗ್ಯಾಸ್ ಶಾಕ್’ ಎಂದರೆ ಗ್ಯಾಸ್ ಮೇಲೆ ಬೈಕ್ ನಿಂತಿದೆ ಎಂದಲ್ಲ. ಆಯಿಲ್ ನೊರೆಯಾಗದಿರಲೆಂದು ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಕೆಳಗಿನ ರಿಂಗ್ ತಿರುಗಿಸಿದಾಗ ಬದಲಾಗುವುದು ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಟ್ಟಿದ್ದೇವೆ ಎಂಬುದು. 10 ಕೆ.ಜಿ.ಗೆ 5 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಒಂದಿದೆ ಎಂದುಕೊಳ್ಳಿ. ಒಮ್ಮೆ ಕುಗ್ಗಲು ಶುರುವಾದ ಮೇಲೆ, ಯಾವ ಹಂತದಲ್ಲಿಟ್ಟರೂ ಇನ್ನೊಂದು 10 ಕೆ.ಜಿ. ಹಾಕಿದರೆ ಅದು ಮತ್ತೆ 5 ಮಿ.ಮೀ.ಯೇ ಕುಗ್ಗುವುದು. ಸ್ಪ್ರಿಂಗ್ ಗಟ್ಟಿಯಾಗಲಿಲ್ಲ, ಬೈಕಿನ ಹಿಂಭಾಗ ಎತ್ತರವಾಯಿತು. ಆದರೆ ತೀರಾ ಅದುಮಿಟ್ಟರೆ ಒಬ್ಬರೇ ಕೂತಾಗ ಸಣ್ಣ ಉಬ್ಬುಗಳಿಗೆ ಅದು ಅಲುಗುವುದೇ ಇಲ್ಲ, ಆ ಏಟು ನೇರವಾಗಿ ಬೆನ್ನಿಗೆ. ಜೊತೆಗೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ರಸ್ತೆ ಹಿಡಿಯಲು ಜಾಗವೇ ಉಳಿದಿರುವುದಿಲ್ಲ. ನನಗೆ ಆದದ್ದು ಇದೇ.

ಹಾಗಾದರೆ ಯಾವ ಹಂತ? ಅಳೆದು ನೋಡಬೇಕು, ಕಷ್ಟವೇನಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆ್ಯಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಬೋಲ್ಟಿನವರೆಗೆ ಅಳತೆ ತೆಗೆದುಕೊಳ್ಳಿ. ಬಳಿಕ ಸ್ಟ್ಯಾಂಡ್ ತೆಗೆದು, ನೀವು ಕೂತು, ಬೇರೆಯವರಿಂದ ಅದೇ ಅಳತೆ ತೆಗೆಸಿ. ಎರಡರ ವ್ಯತ್ಯಾಸ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಇರಬೇಕು. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ರಲ್ಲಿ ಹಿಂದಿನ ಚಲನೆ 90 ಮಿ.ಮೀ., ಪ್ರೀಲೋಡ್‌ಗೆ 6 ಹಂತ. ಅಂದರೆ 30 ಮಿ.ಮೀ. ಆಸುಪಾಸು. ಜಾಸ್ತಿ ಕುಸಿದರೆ ಒಂದು ಹಂತ ಏರಿಸಿ, ಕಡಿಮೆಯಾದರೆ ಇಳಿಸಿ. ಎರಡೂ ಬದಿ ಒಂದೇ ಹಂತದಲ್ಲಿರಲಿ.

ಅಮ್ಮನನ್ನೋ ಹೆಂಡತಿಯನ್ನೋ ಹಿಂದೆ ಕೂರಿಸಿಕೊಂಡು ಹೋಗುವ ದಿನ ಮಾತ್ರ ಹಂತ ಏರಿಸುವುದು ಸರಿ. ಇಲ್ಲದಿದ್ದರೆ ಹಂಪಿನಲ್ಲಿ ಶಾಕ್ ಪೂರ್ತಿ ಕುಗ್ಗಿ ತಳಕ್ಕೆ ಬಡಿಯುತ್ತದೆ, ಆ ಏಟು ಹೆಚ್ಚಾಗಿ ಬೀಳುವುದು ಹಿಂದೆ ಕೂತವರ ಸೊಂಟಕ್ಕೆ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಕೂಡ ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮನೆಗೆ ಬಂದ ಮೇಲೆ ಮತ್ತೆ ಇಳಿಸಲು ಮರೆಯುವವರೇ ಹೆಚ್ಚು. (ನಮ್ಮಪ್ಪ ಇಂದಿಗೂ ಮರೆಯುತ್ತಾರೆ.)

ಕೊನೆಯ ಹಂತದಲ್ಲೂ ತೀರಾ ಕುಸಿಯುತ್ತಿದ್ದರೆ ನಿಮ್ಮ ಭಾರಕ್ಕೆ ಆ ಸ್ಪ್ರಿಂಗ್ ಸಾಲದು, ಬೇರೆ ಸ್ಪ್ರಿಂಗೇ ಬೇಕು. ಹೊಸ ಜೋಡಿ ಕೊಳ್ಳುವಾಗ ಪಕ್ಕಕ್ಕೆ ಅಂಟಿಸಿದ ಬಣ್ಣದ ಸಿಲಿಂಡರ್ ನೋಡಿ ಮರುಳಾಗಬೇಡಿ, ಅಗ್ಗದ ಕೆಲವದರಲ್ಲಿ ಅದು ಬರೀ ಅಲಂಕಾರ. ಕೇಳಬೇಕಾದದ್ದು ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಮತ್ತು ಎಷ್ಟು ಭಾರಕ್ಕೆ ಮಾಡಿದ ಸ್ಪ್ರಿಂಗ್ ಎಂಬುದು. ನೋಟಕ್ಕೆಂದು ಉದ್ದದ್ದನ್ನು ಹಾಕಿದರೆ ಮುಂದಿನ ಫೋರ್ಕ್ ನೆಟ್ಟಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಚೈನಿನ ಸಡಿಲ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್‌ನಲ್ಲಿ ಬೈಕ್ ಇನ್ನಷ್ಟು ವಾಲುತ್ತದೆ.

ಹಣ ಖರ್ಚು ಮಾಡುವ ಮುನ್ನ ಟೈರಿನ ಗಾಳಿ ನೋಡಿ, ಅತಿಯಾದ ಗಾಳಿಯೂ ಬೈಕನ್ನು ಕುಟ್ಟಿಸುತ್ತದೆ. ನಂತರ ಸೀಟನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಶಾಕ್ ಚೆನ್ನಾಗಿದೆ. ಎರಡು ಮೂರು ಸಲ ತೂಗಾಡಿದರೆ, ಅಥವಾ ರಾಡಿನ ಮೇಲೆ ಆಯಿಲ್ ಜಿನುಗಿದ್ದರೆ, ಒಳಗಿನ ತಡೆ ಹೋಗಿದೆ ಎಂದರ್ಥ. ರಿಂಗ್ ಎಷ್ಟು ತಿರುಗಿಸಿದರೂ ಅದು ಮರಳಿ ಬರುವುದಿಲ್ಲ. ಆಗ ಒಂದನ್ನಲ್ಲ, ಎರಡನ್ನೂ ಒಟ್ಟಿಗೆ ಬದಲಿಸಿ.